104 ಮಿ.ಮೀ. ಅಗಲದ ಗಟ್ಟಿ ಸ್ಕೀ: ಐದು ದಿನ ಓಡಿಸಿ ನೋಡಿದ್ದು

ಸ್ಕೀ ಮಾಡೋಕೆ ಶುರು ಮಾಡಿ ಇಪ್ಪತ್ತೆರಡು ವರ್ಷ ಆಯ್ತು, ಅದರಲ್ಲಿ ಕೊನೇ ಏಳು ಸೀಸನ್ ಒಂದೇ ಜೋಡಿ ಮೇಲೆ ಕಳೆದಿದೀನಿ. 172 ಸೆಂ.ಮೀ. ಉದ್ದ, ಸೊಂಟದ ಹತ್ರ, ಅಂದ್ರೆ ಬೂಟು ಕೂರೋ ಜಾಗದಲ್ಲಿ, 78 ಮಿ.ಮೀ. ಅಗಲ, ಒಳಗೆ ಮೆಟಲ್ ಇಲ್ಲ, ಮೂತಿ ಹಿಡಿದು ಒತ್ತಿದ್ರೆ ಒಂದೇ ಕೈಗೆ ಬಾಗತ್ತೆ. ಬೆಳಿಗ್ಗೆ ಮೆಷಿನ್ ಓಡಿಸಿ ಹದ ಮಾಡಿರೋ ಗಟ್ಟಿ ಹಿಮದ ಮೇಲೆ ಆ ಸ್ಕೀ ನನ್ನ ಕಾಲಿಂದೇ ಒಂದು ಭಾಗ ಅನ್ನೋ ಹಾಗಿರತ್ತೆ, ಟರ್ನ್ ಬೇಕು ಅಂತ ಅಂದ್ಕೊಳ್ಳೋ ಹೊತ್ತಿಗೆ ತಿರುಗಿ ಆಗಿರತ್ತೆ. ಅದರ ಮೇಲೆ ನಂಗೆ ಯಾವ ದೂರೂ ಇಲ್ಲ, ಮಧ್ಯಾಹ್ನ ಒಂದು ಗಂಟೆ ಆಗೋವರೆಗೆ.

ಒಂದು ಗಂಟೆ ಆದ್ಮೇಲೆ ಏನಾಗತ್ತೆ ಅಂತ ಸ್ಕೀ ಮಾಡೋರಿಗೆಲ್ಲ ಗೊತ್ತು. ಹಿಮ ಬಿದ್ದ ದಿನ ಆದ್ರೆ ನೂರಾರು ಜನ ಓಡಾಡಿ ಇಡೀ ಇಳಿಜಾರು ಉತ್ತ ಹೊಲದ ಹಾಗೆ ಆಗಿರತ್ತೆ, ಒಂದು ಕಡೆ ಮೆತ್ತಗಿನ ಗುಡ್ಡೆ, ಪಕ್ಕದಲ್ಲೇ ಗಾಳಿ ಬಡಿದು ಗಟ್ಟಿಯಾದ ತೇಪೆ, ಮಧ್ಯೆ ಯಾರೋ ಬಿದ್ದೆದ್ದ ಗುಂಡಿ. ಇಂಥ ಕಲಸಿಹೋದ ಹಿಮದಲ್ಲಿ ನನ್ನ ಸ್ಕೀ ಮೂತಿ ಪ್ರತಿ ಗುಡ್ಡೆಗೂ ಬಡಿದು ಆ ಕಡೆ ಈ ಕಡೆ ತಿರುಗ್ತಿತ್ತು, ನಾನು ಕಾಲಲ್ಲಿ ಎಳೆದು ಎಳೆದು ಸರಿ ಮಾಡ್ತಿದ್ದೆ, ಮೂರು ರನ್, ಅಂದ್ರೆ ಮೂರು ಸಲ ಮೇಲಿಂದ ಕೆಳಗೆ ಇಳಿಯೋದು, ಮುಗಿಯೋದ್ರೊಳಗೆ ತೊಡೆ ಬೆಂಕಿ. ಹೋದ ಸೀಸನ್ ಕೊನೇಲಿ ಇದೇ ಥರ ಒಂದು ಗುಡ್ಡೆ ಎಡಗಾಲಿನ ಸ್ಕೀನ ಒಳಗಡೆಗೆ ತಳ್ತು, ಎರಡೂ ಮೂತಿ ಒಂದರ ಮೇಲೊಂದು ಹತ್ತಿ ಮುಂದಕ್ಕೆ ಬಿದ್ದೆ. ಬೂಟನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗ್ ಬಿಟ್ಕೊಳ್ತು, ಪೆಟ್ಟೇನೂ ಆಗ್ಲಿಲ್ಲ, ಆದ್ರೆ ಆವತ್ತೇ ತೀರ್ಮಾನ ಮಾಡಿದ್ದೆ, ಮುಂದಿನ ಸೀಸನ್ ಅಗಲವಾದ ಗಟ್ಟಿ ಸ್ಕೀನ ಸರಿಯಾಗಿ ಐದು ದಿನ ಬಾಡಿಗೆಗೆ ತಗೊಂಡು ನೋಡೋದು, ಒಂದೆರಡು ರನ್ ಓಡಿಸಿ ಮಾತಾಡೋದು ಬೇಡ ಅಂತ.

ತಗೊಂಡಿದ್ದು 184 ಸೆಂ.ಮೀ. ಉದ್ದದ್ದು, ಸೊಂಟ 104 ಮಿ.ಮೀ., ಮರದ ತಿರುಳಿನ ಮೇಲೊಂದು ಕೆಳಗೊಂದು ಟೈಟನಲ್ ಹಾಳೆ. ಹೆಸರು ಕೇಳಿ ಟೈಟಾನಿಯಂ ಅಂದ್ಕೊಳ್ಳೋರು ತುಂಬ ಜನ, ಅದು ಅಲ್ಯುಮಿನಿಯಂ ಮಿಶ್ರಲೋಹ. ಅದು ಸ್ಕೀಗೆ ಕೊಡೋದು ಬರೀ ಗಡಸುತನ ಅಲ್ಲ, ತೂಕಾನೂ ಕೊಡತ್ತೆ, ನಡುಕ ಬೇಗ ಅಡಗೋ ಹಾಗೂ ಮಾಡತ್ತೆ. ಕೈಗೆತ್ತಿಕೊಂಡಾಗಲೇ ಭಾರ ಗೊತ್ತಾಯ್ತು, ನನ್ನ ಹಳೇದನ್ನ ಒಂದು ಕೈಯಲ್ಲಿ ಎತ್ತಿ ಹೆಗಲ ಮೇಲೆ ಹಾಕ್ಕೋತೀನಿ, ಇದಕ್ಕೆ ಎರಡು ಕೈ ಬೇಕಾಯ್ತು. ಮೂತಿ ನೆಲದಿಂದ ಸ್ವಲ್ಪ ಮೇಲೆದ್ದಿರೋ ರಾಕರ್, ಕಾಲ ಕೆಳಗೆ ಮಾಮೂಲಿ ಕ್ಯಾಂಬರ್, ಅಂದ್ರೆ ಭಾರ ಹಾಕದೇ ಇದ್ದಾಗ ಮಧ್ಯಭಾಗ ಮೇಲಕ್ಕೆ ಬಾಗಿರೋದು, ಬಾಲ ಹೆಚ್ಚುಕಮ್ಮಿ ಚಪ್ಪಟೆ. ಸೈಡ್‌ಕಟ್ ರೇಡಿಯಸ್, ಅಂದ್ರೆ ಪಕ್ಕದ ಅಂಚಿನ ಬಾಗಿನ ತ್ರಿಜ್ಯ, 20 ಮೀಟರ್, ನನ್ನ ಹಳೇದ್ರದ್ದು 15.

ಬಾಲ ನೆಲಕ್ಕೆ ಊರಿ, ಮೂತಿ ಹಿಡಿದು, ಮಧ್ಯಕ್ಕೆ ಅಂಗೈ ಇಟ್ಟು ಒತ್ತಿ ನೋಡ್ದೆ. ಎಲ್ಲರೂ ಮಾಡೋದೇ ಇದು, ಆದ್ರೆ ಇದರಿಂದ ಗೊತ್ತಾಗೋದು ಬಹಳ ಕಮ್ಮಿ. ಸ್ಕೀ ಬಾಗೋದನ್ನ ಮುಖ್ಯವಾಗಿ ತೀರ್ಮಾನಿಸೋದು ದಪ್ಪ, ಅಗಲ ದುಪ್ಪಟ್ಟಾದ್ರೆ ಗಡಸುತನಾನೂ ದುಪ್ಪಟ್ಟಾಗತ್ತೆ ಅಷ್ಟೇ, ದಪ್ಪ ದುಪ್ಪಟ್ಟಾದ್ರೆ ಎಂಟು ಪಟ್ಟು ಆಗತ್ತೆ. ಅದಕ್ಕೇ ಅಗಲವಾದ ಸ್ಕೀ ಎಲ್ಲಾ ಗಟ್ಟಿ ಅಲ್ಲ, ಗಟ್ಟಿ ಸ್ಕೀ ಎಲ್ಲಾ ಅಗಲ ಅಲ್ಲ. ರೇಸ್‌ನವರ ಸ್ಲಾಲಂ ಸ್ಕೀ ಸೊಂಟ 70 ಮಿ.ಮೀ. ಕೂಡ ಇರಲ್ಲ, ಆದ್ರೆ ಒತ್ತಿ ನೋಡಿ, ಜಗ್ಗಲ್ಲ. ಇವೆರಡೂ ಬೇರೆ ಬೇರೆ ಗುಣ, ನಾವು ಯಾವಾಗ್ಲೂ ಒಟ್ಟಿಗೆ ಸೇರಿಸಿ ಮಾತಾಡ್ತೀವಿ, ನಾನೂ ಹಂಗೇ ಮಾಡ್ತಿದ್ದೆ. ಐದು ದಿನದಲ್ಲಿ ನಂಗೆ ನಿಜವಾಗ್ಲೂ ಅರ್ಥ ಆಗಿದ್ದು ಯಾವುದು ಅಗಲದ ಕೆಲಸ, ಯಾವುದು ಗಡಸುತನದ ಕೆಲಸ ಅನ್ನೋದು.

ಬೈಂಡಿಂಗ್ ಹೊಂದಿಸೋವಾಗ ಒಂದು ಮಾತು. ಬಾಡಿಗೆ ಸ್ಕೀಲಿ ಹಳಿ ಮೇಲೆ ಹಿಂದೆ ಮುಂದೆ ಜರುಗೋ ಬೈಂಡಿಂಗ್ ಇರತ್ತೆ, ಬೂಟಿನ ಸೋಲ್ ಉದ್ದಕ್ಕೆ ತಕ್ಕ ಹಾಗೆ ಜೋಡಿಸಿ, ಹಿಮ್ಮಡಿ ಕಡೆ ಒತ್ತಡ ಗುರುತಿನೊಳಗೆ ಇದ್ಯಾ ನೋಡಿ, ಡಿನ್ ನಂಬರ್, ಅಂದ್ರೆ ಎಷ್ಟು ಬಲ ಬಿದ್ರೆ ಬೈಂಡಿಂಗ್ ಬಿಟ್ಕೋಬೇಕು ಅನ್ನೋ ಅಳತೆ, ಹಾಕ್ತಾರೆ. ಡಿನ್ ಲೆಕ್ಕ ಬರೋದು ನಮ್ಮ ತೂಕ, ಎತ್ತರ, ವಯಸ್ಸು, ಸೋಲ್ ಉದ್ದ, ನಾವು ಎಷ್ಟು ಜೋರಾಗಿ ಓಡಿಸ್ತೀವಿ ಅನ್ನೋದು, ಇಷ್ಟರಿಂದ. ಸ್ಕೀ ಅಗಲ ಆ ಪಟ್ಟಿಯಲ್ಲೇ ಇಲ್ಲ. "ದೊಡ್ಡ ಸ್ಕೀ ಅಲ್ವಾ, ಒಂದು ಪಾಯಿಂಟ್ ಜಾಸ್ತಿ ಮಾಡ್ಕೋ" ಅಂತ ಪಕ್ಕದಲ್ಲಿ ನಿಂತಿದ್ದೋರು ಹೇಳಿದ್ರು, ದಯವಿಟ್ಟು ಯಾರೂ ಹಂಗೆ ಮಾಡ್ಬೇಡಿ, ಬಿಟ್ಕೋಬೇಕಾದಾಗ ಬೈಂಡಿಂಗ್ ಬಿಟ್ಕೊಳ್ಳದೇ ಹೋದ್ರೆ ಬೆಲೆ ತೆರೋದು ಮೊಣಕಾಲು. ನನ್ನ ಹಳೇ ನಂಬರೇ ಹಾಕಿಸ್ದೆ. ಬೈಂಡಿಂಗ್ ಬಿಟ್ಕೊಂಡಾಗ ಸ್ಕೀ ಜಾರಿ ಹೋಗದ ಹಾಗೆ ತಡೆಯೋ ಬ್ರೇಕ್ ಅಗಲಾನೂ ನೋಡ್ಬೇಕು, ಸ್ಕೀ ಸೊಂಟಕ್ಕಿಂತ ಸ್ವಲ್ಪ ಜಾಸ್ತಿ ಇರ್ಬೇಕು, ತೀರಾ ಜಾಸ್ತಿ ಆದ್ರೆ ಸ್ಕೀ ಪಕ್ಕಕ್ಕೆ ವಾಲಿಸ್ದಾಗ ಬ್ರೇಕ್ ತೋಳು ಹಿಮಕ್ಕೆ ತಾಗತ್ತೆ.

ಮೊದಲನೇ ದಿನ ಹೊಸ ಹಿಮ ಇಲ್ಲ, ರಾತ್ರಿ ಹೆಪ್ಪುಗಟ್ಟಿದ ಗಟ್ಟಿ ಮೇಲ್ಮೈ. ನಾನು ಬೇಕಂತಲೇ ಇಂಥ ದಿನದಿಂದ ಶುರು ಮಾಡ್ದೆ, ಯಾಕಂದ್ರೆ ಅಗಲದ ಸ್ಕೀ ಹೊಸ ಹಿಮದಲ್ಲಿ ಚೆನ್ನಾಗಿರತ್ತೆ ಅನ್ನೋದು ಯಾರೂ ಹೇಳ್ಬೇಕಾಗಿಲ್ಲ, ಕೆಟ್ಟ ದಿನ ಹೇಗಿರತ್ತೆ ಅಂತ ನೋಡ್ಬೇಕಿತ್ತು. ಬೆಟ್ಟದ ಮೇಲಕ್ಕೆ ಒಯ್ಯೋ ಲಿಫ್ಟ್ ಇಳಿದು ಮೊದಲ ಮೂರು ಟರ್ನಲ್ಲೇ ಏನೋ ಸರಿ ಇಲ್ಲ ಅನ್ನಿಸ್ತು. ಒಂದು ಎಡ್ಜಿಂದ, ಅಂದ್ರೆ ತಳದ ಅಂಚಿನ ಉಕ್ಕಿನ ಪಟ್ಟಿಯಿಂದ, ಇನ್ನೊಂದಕ್ಕೆ ಹೋಗೋದು ತಡ ಆಗ್ತಿತ್ತು, ಅದು ನಿರೀಕ್ಷೆ ಮಾಡಿದ್ದೇ. ನಿರೀಕ್ಷೆ ಮಾಡದೇ ಇದ್ದಿದ್ದು ಅಂದ್ರೆ, ಒಂದ್ಸಲ ಎಡ್ಜ್ ಹಿಡೀತು ಅಂದ್ರೆ ಬಿಡ್ತಾನೇ ಇರ್ಲಿಲ್ಲ. ಸ್ವಲ್ಪ ಜಾರಿಸಿ ವೇಗ ಕಮ್ಮಿ ಮಾಡೋಣ ಅಂದ್ರೆ ಸ್ಕೀ ಜಾರಲ್ಲ, ಕಚ್ಚಿಕೊಂಡು ಮೇಲಕ್ಕೆ ಎಳ್ಕೊಂಡು ಹೋಗತ್ತೆ, ಬಲವಂತ ಮಾಡಿದ್ರೆ ಪಟ್ ಅಂತ ಬಿಟ್ಟು ಕಾಲು ಕೆಳಗೆ ಜಾರತ್ತೆ. ಎರಡೂ ಕಾಲು ಒಂದೇ ಥರ ಇದ್ದಿದ್ರೂ ಹೇಗೋ ಆಗ್ತಿತ್ತು, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಾಗೆ ಬಲಗಾಲಿಂದು ಒಂದು ದಾರಿ, ಎಡಗಾಲಿಂದು ಇನ್ನೊಂದು ದಾರಿ.

ಹನ್ನೊಂದು ಗಂಟೆ ಹೊತ್ತಿಗೆ ಮೊಣಕಾಲಿನ ಒಳಭಾಗ ನೋಯೋಕೆ ಶುರು ಆಯ್ತು. ಇದಕ್ಕೆ ಕಾರಣ ಗೊತ್ತಿತ್ತು, ಲಿಫ್ಟಲ್ಲಿ ಕೂತು ಬೂಟು ನೋಡ್ತಾ ಲೆಕ್ಕ ಹಾಕ್ದೆ. ಮಾಮೂಲಿ ಆಲ್ಪೈನ್ ಬೂಟಿನ ಸೋಲ್ ಮುಂಭಾಗ ಸುಮಾರು 69 ಮಿ.ಮೀ. ಅಗಲ. 78ರ ಸ್ಕೀ ಮೇಲೆ ನಿಂತ್ರೆ ಎಡ್ಜ್ ಸೋಲಿನ ಅಂಚಿಂದ ನಾಲ್ಕೂವರೆ ಮಿ.ಮೀ. ಮಾತ್ರ ಆಚೆ. 104ರ ಮೇಲೆ ನಿಂತ್ರೆ ಹದಿನೇಳೂವರೆ. ಗಟ್ಟಿ ಹಿಮದಲ್ಲಿ ನಮ್ಮ ಭಾರ ಎಲ್ಲಾ ಬೀಳೋದು ಆ ತೆಳು ಅಂಚಿನ ಮೇಲೆ, ಅಂದ್ರೆ ಕಾಲು ಒಂದು ಕಡೆ, ಆಸರೆ ಇನ್ನೊಂದು ಕಡೆ. ಆ ಹದಿನೇಳೂವರೆ ಮಿ.ಮೀ. ಸನ್ನೆಕೋಲು ಸ್ಕೀನ ಮತ್ತೆ ಚಪ್ಪಟೆ ಮಾಡೋಕೆ ನೋಡ್ತಾ ಇರತ್ತೆ, ಅದನ್ನ ತಡೆದು ಹಿಡಿಯೋದು ಕಣಕಾಲು, ಮೊಣಕಾಲು. ಮೆತ್ತಗಿನ ಹಿಮದಲ್ಲಿ ಭಾರ ಇಡೀ ತಳದ ಮೇಲೆ ಹರಡೋದ್ರಿಂದ ಈ ತೊಂದರೆ ಇಲ್ಲ. ಅಗಲದಿಂದ ಆಗೋ ನಷ್ಟ ಇದು, ಗಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊಣಕಾಲಿಗೆ ಮೊದಲೇ ತೊಂದರೆ ಇರೋರು, ವರ್ಷ ಪೂರ್ತಿ ಗಟ್ಟಿ ಹಿಮದ ಮೇಲೇ ಓಡಿಸೋರು ಈ ಒಂದು ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ.

ಸಾಯಂಕಾಲ ಬೇಸರ ಆಗಿತ್ತು, ಇದು ನನ್ನಿಂದ ಆಗಲ್ಲ, ನಾಳೆ ವಾಪಸ್ ಕೊಡ್ತೀನಿ ಅಂದೆ. ನನ್ನ ಜೊತೆ ಇಷ್ಟು ವರ್ಷ ಸ್ಕೀ ಮಾಡಿರೋ ಗೆಳತಿ ಬೆಳಿಗ್ಗೆಯಿಂದ ನನ್ನ ಹಿಂದೇನೇ ಬರ್ತಿದ್ಲು, ಅವಳು ಕೇಳಿದ್ದು ಒಂದೇ ಪ್ರಶ್ನೆ, "ತಳ ನೋಡಿದ್ಯೇನೋ?"

ನೋಡಿರ್ಲಿಲ್ಲ. ವ್ಯಾಕ್ಸ್ ಹೊಳೀತಿತ್ತು, ಎಡ್ಜಲ್ಲಿ ತುಕ್ಕಿರ್ಲಿಲ್ಲ, ಅಷ್ಟಕ್ಕೇ ಚೆನ್ನಾಗಿದೆ ಅಂದ್ಕೊಂಡಿದ್ದೆ. ಅವಳು ಟ್ರೂ ಬಾರ್ ತಂದ್ಲು, ಅಂದ್ರೆ ಒಂದು ಕರಾರುವಾಕ್ಕಾಗಿ ನೇರ ಇರೋ ಉಕ್ಕಿನ ಸರಳು, ಗೇಣುದ್ದದ್ದು. ಸ್ಕೀನ ಬೋರಲು ಹಾಕಿ, ಮೂತಿ ಕಡೆಗೆ ದೀಪ ಇಟ್ಟು, ಸರಳನ್ನ ಎಡ್ಜಿಂದ ಎಡ್ಜಿಗೆ ಅಡ್ಡ ಇಟ್ಟು ಬಾಲದ ಕಡೆಯಿಂದ ಬಗ್ಗಿ ನೋಡು ಅಂದ್ಲು. ತಳ ಸಮ ಇದ್ರೆ ಸರಳಿನ ಕೆಳಗೆ ಬೆಳಕು ಬರಬಾರ್ದು, ಎಡ್ಜ್ ಹತ್ರ ಕೂದಲೆಳೆಯಷ್ಟು ಮಾತ್ರ ಬರ್ಬೇಕು, ಅಲ್ಲಿ ಒಂದು ಡಿಗ್ರಿಯಷ್ಟು ಇಳಿಜಾರು ಕೊಟ್ಟಿರ್ತಾರೆ. ನಾನು ಕಂಡಿದ್ದು ಅದರ ತದ್ವಿರುದ್ಧ. ಸರಳು ಎರಡು ಎಡ್ಜ್ ಮೇಲೆ ಸೇತುವೆ ಥರ ಕೂತಿತ್ತು, ಮಧ್ಯೆ ಉಗುರು ಚಂದ್ರನ ಹಾಗೆ ಹಳದಿ ಬೆಳಕು. ಸರಳನ್ನ ಬೈಂಡಿಂಗ್ ಕಡೆಯಿಂದ ಮೂತಿ ಕಡೆಗೆ ಸರಿಸ್ತಾ ಹೋದ ಹಾಗೆ ಆ ಚಂದ್ರ ದಪ್ಪ ಆಗ್ತಾ ಹೋಯ್ತು. ಎಡಗಾಲಿನ ಸ್ಕೀಲಿ ಕಮ್ಮಿ, ಬಲಗಾಲಿಂದ್ರಲ್ಲಿ ಜಾಸ್ತಿ. ಬೆಳಿಗ್ಗೆಯಿಂದ ಬಲಗಡೆ ಯಾಕೆ ಅಷ್ಟು ಕಚ್ಚಿಕೊಳ್ತಿತ್ತು ಅಂತ ಅಲ್ಲೇ ಕಣ್ಣಿಗೆ ಕಾಣಿಸ್ತು.

ತಳ ಒಳಗೆ ತಗ್ಗಿ ಎಡ್ಜ್ ಮೇಲೆದ್ದಿದ್ರೆ ಸ್ಕೀ ಹಳಿ ಮೇಲಿನ ರೈಲು ಆಗ್ಬಿಡತ್ತೆ, ಚಪ್ಪಟೆ ನಿಲ್ಲಿಸಿದ್ರೂ ಎರಡೂ ಅಂಚು ಹಿಮದಲ್ಲಿ ಊರಿರತ್ತೆ, ಪಕ್ಕಕ್ಕೆ ಜಾರಿಸೋಕಾಗಲ್ಲ, ಕಾಲಲ್ಲಿ ತಿರುಗಿಸೋಕಾಗಲ್ಲ. ಅಗಲದ ಸ್ಕೀಗಳಿಗೆ ಇದು ಹೆಚ್ಚು ಕಾಡತ್ತೆ, ತಳದ ಹರವು ಜಾಸ್ತಿ ಇರೋದ್ರಿಂದ ಅಷ್ಟಗಲ ಸಮ ಇಡೋದೇ ಕಷ್ಟ. ಕೊಟ್ಟೋರು ನೋಡಿ ಕೊಡ್ಬೇಕಿತ್ತು, ಆ ಬೇಜಾರು ನಂಗಿದೆ. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ, ಆ ಸಾಯಂಕಾಲ ವಾಪಸ್ ಕೊಟ್ಟಿದ್ರೆ "ಅಗಲದ ಗಟ್ಟಿ ಸ್ಕೀ ತಿರುಗಲ್ಲ" ಅಂತ ನಾನು ಇನ್ನೂ ಹತ್ತು ವರ್ಷ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ದೆ, ನಂಬಿಕೆಯಿಂದ ಹೇಳ್ತಿದ್ದೆ. ಬೇರೆಯವರ ಸ್ಕೀ ಓಡಿಸಿ ನೋಡಿ ಇಷ್ಟ ಆಗ್ಲಿಲ್ಲ ಅಂದೋರು ಎಷ್ಟು ಜನ ತಳ ನೋಡಿರ್ತಾರೆ?

ವರ್ಕ್‌ಶಾಪಲ್ಲಿ ಕಲ್ಲಿನ ಚಕ್ರದ ಮೇಲೆ ಹಾಯಿಸಿ ತಳ ಸಮ ಮಾಡಿಸಿದ್ವಿ, ಒಂದೇ ಸಲಕ್ಕೆ ಆಗ್ಲಿಲ್ಲ, ನಾಲ್ಕೈದು ಸಲ ಹಾಯಿಸ್ಬೇಕಾಯ್ತು. ಆಮೇಲೆ ತಳದ ಕಡೆ ಎಡ್ಜಿಗೆ 1 ಡಿಗ್ರಿ, ಪಕ್ಕಕ್ಕೆ 2 ಡಿಗ್ರಿ. ಅರದಿಂದ ಎದ್ದಿದ್ದ ಮುಳ್ಳನ್ನ ಡೈಮಂಡ್ ಕಲ್ಲಲ್ಲಿ ನಾನೇ ತೆಗೆದೆ, ಬೆರಳುಗುರು ಅಂಚಿನ ಮೇಲೆ ಆಡಿಸಿದ್ರೆ ಎಲ್ಲೂ ತಡೀಬಾರ್ದು, ಅಲ್ಲೀವರೆಗೆ.

ಎರಡನೇ ದಿನವೂ ಅದೇ ಹಿಮ, ಅದೇ ರನ್, ಸ್ಕೀ ಮಾತ್ರ ಬೇರೆಯೇ. ಜಾರಿಸಿದ್ರೆ ಜಾರ್ತು, ನಿಲ್ಲಿಸಿದ್ರೆ ನಿಲ್ತು. ಎಡ್ಜ್ ಬದಲಾಯಿಸೋದು ಈಗಲೂ ನಿಧಾನವೇ, ಅದು ಯಾವ ಅರಕ್ಕೂ ಹೋಗಲ್ಲ, ಆದ್ರೆ ನಿಧಾನ ಅಂತ ಗೊತ್ತಾದ್ಮೇಲೆ ಟರ್ನ್ ಸ್ವಲ್ಪ ಮೊದಲೇ ಶುರು ಮಾಡಿದ್ರೆ ಸಾಕು, ಹಳೇ ಟರ್ನ್ ಪೂರ್ತಿ ಮುಗಿಯೋ ಮುಂಚೇನೇ ಕಣಕಾಲು ಹೊರಳಿಸ್ಬೇಕು. ಮೊಣಕಾಲನ್ನ ಒಳಗೆ ತಳ್ಳಿ ಎಡ್ಜ್ ಹಾಕೋ ಹಳೇ ಅಭ್ಯಾಸ ಬಿಟ್ಟು ಇಡೀ ಕಾಲನ್ನ, ಸೊಂಟದಿಂದ ಕೆಳಗೆ ಪೂರ್ತಿ, ಇಳಿಜಾರಿನ ಕಡೆಗೆ ವಾಲಿಸಿದಾಗ ನೋವೂ ಕಮ್ಮಿ ಆಯ್ತು.

ಆವತ್ತಿನ ಪಾಠ ಅಗಲದ್ದಲ್ಲ, ಗಡಸುತನದ್ದು. ಟರ್ನ್ ಕೊನೇಲಿ ಸ್ಕೀ ನನ್ನ ಕೈ ಮೀರಿ ಹೋಗ್ತಿತ್ತು, ಬಾಲ ಮುಂದಕ್ಕೆ ಚಿಮ್ಮಿ ನಾನು ಹಿಂದಕ್ಕೆ ವಾಲಿ, ಮುಂದಿನ ಟರ್ನಿಗೆ ಓಡಿ ಹಿಡ್ಕೋಬೇಕಾಗ್ತಿತ್ತು. ಗೆಳತಿ ಹಿಂದಿಂದ ವಿಡಿಯೋ ತೆಗೆದು ಲಿಫ್ಟಲ್ಲಿ ತೋರಿಸಿದ್ಲು. "ನೋಡು, ಟರ್ನ್ ಅರ್ಧ ಆದ್ಮೇಲೆ ನೀನು ಕೂತ್ಕೋತೀಯ. ಹಳೇ ಸ್ಕೀ ಮೇಲೂ ಕೂತ್ಕೋತಿದ್ದೆ ಕಣೋ, ಅದು ಮೆತ್ತಗಿತ್ತು, ತಡ್ಕೊಳ್ತಿತ್ತು."

ಇದನ್ನ ಒಪ್ಪಿಕೊಳ್ಳೋಕೆ ಕಷ್ಟ ಆಯ್ತು, ಇಪ್ಪತ್ತೆರಡು ವರ್ಷ ಅಂದ್ರೆ ಸುಮ್ನೆ ಅಲ್ಲ. ಆದ್ರೆ ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣ್ತಿತ್ತು, ಟರ್ನ್ ಶುರುವಲ್ಲಿ ಮುಂಗಾಲಿನ ಎಲುಬು ಬೂಟಿನ ನಾಲಿಗೆಗೆ ಒತ್ಕೊಂಡಿದೆ, ಕೊನೇಲಿ ಅಲ್ಲಿ ಬೆರಳು ತೂರೋಷ್ಟು ಜಾಗ, ಮೀನಖಂಡ ಬೂಟಿನ ಹಿಂಬದಿಗೆ ಒರಗಿದೆ. ಮೆತ್ತಗಿನ ಬಾಲ ಇದ್ರೆ ಹಾಗೆ ಒರಗಿದಾಗ ಬಾಗಿ ಹೊಂದಿಕೊಳ್ಳತ್ತೆ, ಮೂತಿ ಹೇಗೂ ತಿರುಗಿರತ್ತೆ. ಗಟ್ಟಿ ಬಾಲ ಬಾಗಲ್ಲ, ಅದರ ಮೇಲೆ ಭಾರ ಬಿಟ್ರೆ ನೇರ ಓಡತ್ತೆ, ಬಾಗಿಸಿದ್ದನ್ನ ಒಮ್ಮೆಲೇ ಬಿಟ್ರೆ ಅಷ್ಟೇ ಜೋರಾಗಿ ವಾಪಸ್ ಒದೆಯತ್ತೆ. ಗಟ್ಟಿ ಸ್ಕೀ ತಿರುಗ್ಬೇಕಂದ್ರೆ ಬಾಗ್ಬೇಕು, ಬಾಗ್ಬೇಕಂದ್ರೆ ಒಂದೋ ವೇಗ ಬೇಕು ಇಲ್ಲಾ ಮೂತಿ ಮೇಲೆ ಭಾರ ಬೇಕು, ನಾನು ಎರಡೂ ಕೊಡದೇ ತಿರುಗು ತಿರುಗು ಅಂತಿದ್ದೆ. ಮಧ್ಯಾಹ್ನ ಪೂರ್ತಿ ಒಂದೇ ರನ್ ಮೇಲೆ ಒಂದೇ ಕೆಲಸ ಮಾಡ್ದೆ, ಎಲುಬು ನಾಲಿಗೆಯಿಂದ ಬಿಡದ ಹಾಗೆ ಟರ್ನ್ ಮುಗಿಸೋದು, ಎರಡೂ ಪಾದ ಹಿಂದಕ್ಕೆ ಎಳ್ಕೊಳ್ಳೋದು, ಹತ್ತು ಟರ್ನಲ್ಲಿ ನಾಲ್ಕು ಸರಿ ಬಂದ್ರೆ ಸಂತೋಷ.

ಮೂರನೇ ದಿನ ಬಹಳ ಹೇಳೋದಿಲ್ಲ. ಸ್ಕೀ ಓಡಾಟದಿಂದ ಸಾಲಾಗಿ ಎದ್ದಿರೋ ಮೊಗಲ್ ಗುಡ್ಡೆಗಳಿಗೆ ಕರ್ಕೊಂಡು ಹೋದೆ, ಚೆನ್ನಾಗಿರ್ಲಿಲ್ಲ, ಉದ್ದ ಜಾಸ್ತಿ, ಬಾಲ ಪ್ರತಿ ಗುಂಡಿಯಲ್ಲೂ ಸಿಕ್ಕಾಕೊಳ್ತಿತ್ತು. ಬೈಂಡಿಂಗನ್ನ ಹಳಿ ಮೇಲೆ 1 ಸೆಂ.ಮೀ. ಮುಂದಕ್ಕೆ ಹಾಕಿಸಿ ನೋಡಿದ್ರೆ ತಿರುಗೋದು ಸ್ವಲ್ಪ ಚುರುಕಾಯ್ತು, ವೇಗದಲ್ಲಿ ಮೂತಿ ಅಲುಗಾಟ ಜಾಸ್ತಿ ಆಯ್ತು. ಮತ್ತೆ ಮೊದಲಿನ ಗುರುತಿಗೇ ವಾಪಸ್. ಒಂದು ಸೆಂಟಿಮೀಟರ್ ಅಷ್ಟು ವ್ಯತ್ಯಾಸ ಮಾಡತ್ತೆ ಅಂತ ಕೇಳಿದ್ದೆ, ಕಾಲಿಗೇ ಗೊತ್ತಾಗಿದ್ದು ಇದೇ ಮೊದಲು.

ಮೂರನೇ ರಾತ್ರಿ ಹಿಮ ಬಿತ್ತು. ಬೆಳಿಗ್ಗೆ ಎದ್ದಾಗ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬರೋಷ್ಟಿತ್ತು, ಒಣಗಿದ ಹಗುರ ಹಿಮ. ಲಿಫ್ಟ್ ಸಾಲಲ್ಲಿ ನಿಂತಾಗ ಸುತ್ತ ನೋಡ್ದೆ, 90 ಮಿ.ಮೀ.ಗಿಂತ ಅಗಲ ಕಮ್ಮಿ ಇರೋ ಸ್ಕೀ ಹಾಕ್ಕೊಂಡೋರು ಕಾಣೋದೇ ಅಪರೂಪ. ನಾನು ಕಲಿಯೋ ಕಾಲದಲ್ಲಿ ಅಗಲದ ಸ್ಕೀ ಅಂದ್ರೆ ಪೌಡರಲ್ಲಿ, ಅಂದ್ರೆ ಇಂಥ ಒಣ ಹೊಸ ಹಿಮದಲ್ಲಿ, ನಿಲ್ಲೋಕೆ ಬರದೇ ಇರೋರ ಊರುಗೋಲು ಅನ್ನೋ ಭಾವನೆ ಇತ್ತು. 1980ರ ದಶಕದ ಕೊನೇಲಿ ಅಟಾಮಿಕ್ ಕಂಪನಿಯ ರೂಪರ್ಟ್ ಹ್ಯೂಬರ್ ಪೌಡರ್ ಪ್ಲಸ್ ಅನ್ನೋ ಅಗಲದ ಸ್ಕೀ ಮಾಡಿದಾಗ ಮೊದಲು ಅದನ್ನ ಒಪ್ಪಿಕೊಂಡಿದ್ದು ಹೆಲಿಕಾಪ್ಟರಲ್ಲಿ ಬೆಟ್ಟಕ್ಕೆ ಹೋಗಿ ಸ್ಕೀ ಮಾಡೋರು, ಬೇಗ ಸುಸ್ತಾಗೋರೂ ಅದರ ಮೇಲೆ ದಿನ ಪೂರ್ತಿ ಇಳೀಬಹುದಿತ್ತು. ಆಮೇಲೆ ಶೇನ್ ಮೆಕಾಂಕಿ, ಅಲಾಸ್ಕಾದ ಹಿಮದಲ್ಲಿ ವಾಟರ್ ಸ್ಕೀಗೆ ಬೈಂಡಿಂಗ್ ಹಾಕ್ಕೊಂಡು ಇಳಿದು ನೋಡಿದೋರು, ಅದೇ ಯೋಚನೆಯಿಂದ 2002ರಲ್ಲಿ ವೊಲಾಂಟ್ ಕಂಪನಿಯ ಸ್ಪಾಟ್ಯುಲಾ ಅನ್ನೋ ಸ್ಕೀ ಬಂತು, ಸೊಂಟ 125 ಮಿ.ಮೀ., ಮೂತಿ ಬಾಲ ಎರಡೂ ಸೊಂಟಕ್ಕಿಂತ ಅಗಲ ಕಮ್ಮಿ, ದೋಣಿ ತಳದ ಹಾಗೆ ಎರಡೂ ಕಡೆ ಮೇಲೆದ್ದಿದ್ದು. ಮೆಕಾಂಕಿ 2009ರಲ್ಲಿ ತೀರ್ಕೊಂಡ್ರು. ಹಿಮ ಅಂದ್ರೆ ಗಟ್ಟಿ ನೆಲ ಅಲ್ಲ, ನೀರಿನ ಥರ ಅಂತ ಯೋಚಿಸಿದ ಆ ಮನುಷ್ಯನಿಗೆ ಇವತ್ತು ಮೂತಿ ಮೇಲೆದ್ದಿರೋ ಸ್ಕೀ ಹಾಕೋ ಪ್ರತಿಯೊಬ್ಬರೂ ಋಣಿ ಅಂತ ನಂಗನ್ನಿಸತ್ತೆ, ನನ್ನ ಬಾಡಿಗೆ ಸ್ಕೀ ಮೂತೀನೂ ಆ ಯೋಚನೆಯ ಮೊಮ್ಮಗನೇ.

ಮೊದಲ ರನ್. ಹಳೇ ಸ್ಕೀ ಮೇಲೆ ಇಂಥ ಹಿಮದಲ್ಲಿ ನಾನು ಮೂತಿ ಮುಳುಗದ ಹಾಗೆ ಹಿಂದಕ್ಕೆ ವಾಲಿ ನಿಲ್ತಿದ್ದೆ, ಬಹುಶಃ ಆ ಕೂತ್ಕೊಳ್ಳೋ ಅಭ್ಯಾಸ ಹುಟ್ಟಿದ್ದೇ ಇಲ್ಲಿಂದ. ಇದರ ಮೇಲೆ ಹಾಗೆ ಮಾಡ್ಬೇಕಾಗೇ ಇರ್ಲಿಲ್ಲ. ನನ್ನ ಅಂದಾಜಲ್ಲಿ ತಳದ ವಿಸ್ತೀರ್ಣ ಹಳೇದಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ, ಸ್ವಲ್ಪ ವೇಗ ಬಂದ ಕೂಡ್ಲೇ ಸ್ಕೀ ತಾನಾಗೇ ಮೇಲಕ್ಕೆ ಬಂತು, ಮೂತಿ ಹಿಮದಿಂದ ಹೊರಗೆ ಇಣುಕಿತು, ಮಧ್ಯದಲ್ಲಿ ನೆಟ್ಟಗೆ ನಿಂತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿದೆ. ಸದ್ದೇ ಇರ್ಲಿಲ್ಲ. ಇದು ಅಗಲದ ಕೊಡುಗೆ. ಗಡಸುತನ ಇಲ್ಲಿ ಏನೂ ಸಹಾಯ ಮಾಡ್ಲಿಲ್ಲ, ಮರಗಳ ಮಧ್ಯೆ ನಿಧಾನವಾಗಿ ಹೋಗೋವಾಗ ಹಲಗೆ ಮೇಲೆ ನಿಂತ ಹಾಗಿತ್ತು, ಅಲ್ಲಿ ಇದೇ ಅಗಲದ ಮೆತ್ತಗಿನ ಸ್ಕೀ ಇದ್ದಿದ್ರೆ ಇನ್ನೂ ಚೆನ್ನಾಗಿ ಬಾಗಿ ತಿರುಗ್ತಿತ್ತು.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಅಗಲದ ಸ್ಕೀ ಹಾಕ್ಕೊಂಡ್ರೆ ಹೊಸ ಹಿಮ ಎಷ್ಟು ಸುಲಭ ಆಗತ್ತೆ ಅಂದ್ರೆ, ಗಡಿ ಹಗ್ಗದ ಆಚೆ ಕಾಣೋ ಇಳಿಜಾರೂ ಸುಲಭ ಅನ್ನಿಸೋಕೆ ಶುರು ಆಗತ್ತೆ. ಹಿಮಕುಸಿತ ಹೆಚ್ಚಾಗಿ ಆಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಅಂದ್ರೆ ನಮಗೆಲ್ಲ ಇಷ್ಟವಾಗೋ ಇಳಿಜಾರಲ್ಲೇ. ಸ್ಕೀ ಬದಲಾದ್ರೆ ಬೆಟ್ಟ ಬದಲಾಗಲ್ಲ. ನಾವು ಸ್ಕೀ ಜಾಗದ ಸುರಕ್ಷತೆ ನೋಡ್ಕೊಳ್ಳೋ ಗಸ್ತಿನವರು ತೆರೆದ ಕಡೆ ಮಾತ್ರ ಹೋದ್ವಿ.

ಮತ್ತೆ ಬಂತು ಆ ಒಂದು ಗಂಟೆ. ಇಳಿಜಾರೆಲ್ಲ ಕಲಸಿಹೋಗಿತ್ತು, ಬೆಳಿಗ್ಗೆಯ ಹಗುರ ಹಿಮ ಬಿಸಿಲಿಗೆ ಭಾರ ಆಗಿ ಮುದ್ದೆ ಮುದ್ದೆ. ಬಹಳ ಜನ ಊಟಕ್ಕೆ ಹೋದ್ರು, ನಾನು ಇದಕ್ಕೇ ಅಂತ ಕಾಯ್ತಿದ್ದೆ. ಹೋದ ಸೀಸನ್ ಬಿದ್ದ ಜಾಗದ ಥರದ್ದೇ ಒಂದು ಬಟ್ಟಲಾಕಾರದ ಇಳಿಜಾರು, ಮೇಲೆ ನಿಂತು ಎಲುಬು ನಾಲಿಗೆಗೆ ಒತ್ತಿದೆ, ಬಿಟ್ಟೆ. ಮೊದಲ ಗುಡ್ಡೆ ಬಂತು, ಅಭ್ಯಾಸಬಲದಿಂದ ಕಾಲು ಬಿಗಿ ಹಿಡ್ಕೊಂಡೆ, ಏನೂ ಆಗ್ಲಿಲ್ಲ. ಮೂತಿ ಗುಡ್ಡೆ ಒಳಗೆ ಹೋಗಿ ಆಚೆ ಬಂತು, ಹಿಮ ಎರಡೂ ಕಡೆ ಸಿಡೀತು, ಸ್ಕೀ ತಾನು ಹೊರಟ ದಾರಿಯಲ್ಲೇ ಇತ್ತು. ಎರಡನೇದು, ಮೂರನೇದು, ಆಮೇಲೆ ಗಟ್ಟಿ ತೇಪೆ, ಅಲ್ಲಿ ಎಡ್ಜ್ ಸಣ್ಣಗೆ ಕರ್ ಅಂದು ಹಿಡೀತು, ಮತ್ತೆ ಮೆತ್ತಗಿನದು. ಹಳೇ ಸ್ಕೀಲಿ ಇಪ್ಪತ್ತು ಟರ್ನ್ ಮಾಡೋ ಜಾಗದಲ್ಲಿ ಎಂಟೋ ಒಂಬತ್ತೋ ದೊಡ್ಡ ಟರ್ನಲ್ಲಿ ಕೆಳಗೆ ಬಂದು ನಿಂತೆ. ಉಸಿರು ಏರಿತ್ತು, ತೊಡೆ ಉರೀತಿರ್ಲಿಲ್ಲ.

ಇದು ತೂಕ ಮತ್ತು ಗಡಸುತನದ ಕೆಲಸ. ಮೂತಿ ಬೇಗ ಬಾಗಲ್ಲ ತಿರುಚಲ್ಲ, ಹಾಗಾಗಿ ಗುಡ್ಡೆ ಅದನ್ನ ಪಕ್ಕಕ್ಕೆ ತಳ್ಳೋಕಾಗಲ್ಲ, ಭಾರ ಇರೋದ್ರಿಂದ ಸಣ್ಣ ಪೆಟ್ಟಿಗೆ ದಾರಿ ಬಿಡಲ್ಲ, ಲೋಹದ ಹಾಳೆ ಇರೋದ್ರಿಂದ ನಡುಕ ಕಾಲಿಗೆ ಬರೋ ಮುಂಚೆ ಸತ್ತಿರತ್ತೆ. ನಾನು ಏಳು ವರ್ಷ ನನ್ನ ತೊಡೆಯಿಂದ ಮಾಡಿಸ್ತಿದ್ದ ಕೆಲಸ ಅದು. ಗೆಳತಿ ಕೆಳಗೆ ಬಂದು ನಿಂತು ಕೋಲಲ್ಲಿ ನನ್ನ ಬೂಟು ತಟ್ಟಿ, "ಈ ಸಲ ಕೂತ್ಕೊಳ್ಲಿಲ್ಲ" ಅಂದ್ಲು. ಆವತ್ತು ಲಿಫ್ಟ್ ನಿಲ್ಲೋವರೆಗೆ ಅದೇ ಬಟ್ಟಲಲ್ಲಿ ಆರು ಸಲ ಇಳಿದೆ. ಕೊನೇ ಎರಡು ಸಲ ಸುಸ್ತಾಗಿತ್ತು, ಸುಸ್ತಾದ ತಕ್ಷಣ ಹಿಂದಕ್ಕೆ ವಾಲಿದೆ, ವಾಲಿದ ತಕ್ಷಣ ಸ್ಕೀ ಓಡಿತು. ಈ ಸ್ಕೀ ದಣಿದ ಕಾಲನ್ನ ಕ್ಷಮಿಸಲ್ಲ, ಇದನ್ನ ತಗೊಳ್ಳೋರಿಗೆ ಇದು ಗೊತ್ತಿರ್ಬೇಕು.

ಐದನೇ ದಿನ ಬೆಳಿಗ್ಗೆ ಹಳೇ 78 ಹಾಕ್ಕೊಂಡೆ, ಹೋಲಿಸಿ ನೋಡೋಣ ಅಂತ. ಹದ ಮಾಡಿದ ರನ್ ಮೇಲೆ ಅದು ಮೊದಲಿನ ಹಾಗೇ ಚುರುಕು, ಎಡ್ಜಿಂದ ಎಡ್ಜಿಗೆ ಹೋಗೋ ಆ ಖುಷಿ 104ರಲ್ಲಿ ಸಿಗಲ್ಲ, ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಆದ್ರೆ ಒಂದು ವ್ಯತ್ಯಾಸ ಇತ್ತು, ಟರ್ನ್ ಕೊನೇಲಿ ಎಲುಬು ನಾಲಿಗೆಯಲ್ಲೇ ಇತ್ತು. ನಾನು ಯೋಚನೆ ಮಾಡಿ ಇಟ್ಟಿದ್ದಲ್ಲ, ತಾನಾಗೇ ಇತ್ತು. ಅದೇ ಸ್ಕೀ, ಏಳು ವರ್ಷ ಓಡಿಸಿದ್ದು, ಟರ್ನ್ ಮುಗಿಯೋವಾಗ ಹಿಂದೆಂದೂ ಮಾಡದಷ್ಟು ಬಿಗಿಯಾಗಿ ಗೆರೆ ಎಳೀತು, ಲಿಫ್ಟಿಂದ ಬಗ್ಗಿ ನೋಡಿದ್ರೆ ಹಿಮದ ಮೇಲೆ ಎರಡು ತೆಳು ಗೆರೆ ಕೊನೇತನಕ ಒಡೆಯದೇ ಹೋಗಿತ್ತು.

ಮಧ್ಯಾಹ್ನ ಮತ್ತೆ 104 ಹಾಕ್ಕೊಂಡು ಹೋದೆ, ಸಾಯಂಕಾಲ ವಾಪಸ್ ಕೊಟ್ಟೆ. ತಗೊಳ್ಳೋದು ಅಂತ ತೀರ್ಮಾನ ಆಗಿದೆ, ಆದ್ರೆ ಅದನ್ನೇ ಅಲ್ಲ. ಅಗಲ 96ರಿಂದ 98 ಸಾಕು, ನಾನು ಓಡಿಸೋ ದಿನಗಳಲ್ಲಿ ಮೊಣಕಾಲಾಳದ ಹಿಮ ವರ್ಷಕ್ಕೆ ನಾಲ್ಕೈದು ಸಲ, ಕಲಸಿಹೋದ ಹಿಮ ಇಪ್ಪತ್ತು ಸಲ. ನಂಗೆ ಹೆಚ್ಚು ಬೇಕಾಗಿದ್ದು ಅಗಲ ಅಲ್ಲ, ಗಡಸುತನ. ಎರಡು ಟೈಟನಲ್ ಹಾಳೆ ಇರ್ಬೇಕು, ಉದ್ದ 180 ಸುತ್ತಮುತ್ತ, ಬೈಂಡಿಂಗ್ ಕಂಪನಿ ಕೊಟ್ಟ ಗುರುತಿನ ಮೇಲೇನೇ. ಗೆಳತಿ ತನ್ನ ಟ್ರೂ ಬಾರ್ ನನ್ನ ಬ್ಯಾಗಲ್ಲೇ ಇಟ್ಟಿದಾಳೆ, ಹೊಸ ಸ್ಕೀ ಬಂದಾಗ ಪ್ಲಾಸ್ಟಿಕ್ ಬಿಚ್ಚಿ ಮೊದಲು ದೀಪದ ಮುಂದೆ ಹಿಡಿದು ನೋಡು, ಆಮೇಲೆ ಬೈಂಡಿಂಗ್‌ಗೆ ತೂತು ಕೊರೆಸು ಅಂದಿದಾಳೆ.